ಚಿತ್ರ ಹಲಗೆಯ ಹಿಂದೆ ಬರಬೇಕು

ಬಳ್ಳಾರಿ ಪಕ್ಕದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ನಾದ ಕೊಡುವ ಕರಿಕಲ್ಲುಗಳಿವೆ. ಡಾಲರೈಟ್ ಎಂಬ ಈ ಕರಿಕಲ್ಲಿನ ಬಂಡೆಗಳ ಮೇಲೆ ನವಶಿಲಾಯುಗದ ಜನ ಉದ್ದ ಕೋಡಿನ ಗೂಳಿಗಳನ್ನು ಕುಟ್ಟಿ ಬಿಡಿಸಿದ್ದಾರೆ. ಕಲಾವಿದರು ಎದುರಿಗೇ ನುಡಿಸುವಾಗ ಮೂರು ಪರದೆಯಲ್ಲಿ ತೋರಿಸುವ ವಿಡಿಯೊಗೆ ಇದಕ್ಕಿಂತ ಒಳ್ಳೆಯ ವಸ್ತು ನನಗೆ ಸಿಕ್ಕಿಲ್ಲ. ಮಟಮಟ ಮಧ್ಯಾಹ್ನ ಚಿತ್ರಗಳು ಕಾಣುವುದೇ ಕಷ್ಟ. ಬಿಸಿಲು ಓರೆಯಾಗಿ ಬಿದ್ದಾಗ ಕುಟ್ಟಿದ ಗುರುತು ಎದ್ದು ಬರುತ್ತದೆ. ಹಾಗಾಗಿ ಶೂಟಿಂಗ್ ಎಲ್ಲ ಬೆಳಗ್ಗೆ, ಸಂಜೆ. ನಾದಕ್ಕಾಗಿ ಚಿತ್ರವಿಲ್ಲದ ಬಿಡಿಗಲ್ಲುಗಳನ್ನಷ್ಟೇ ಮೆಲ್ಲಗೆ ತಟ್ಟಿ ರೆಕಾರ್ಡ್ ಮಾಡಿಕೊಂಡೆ.

ಜೊತೆಗಿದ್ದವರು ಹಲಗೆ ಬಾರಿಸುವ ಹಿರಿಯರೊಬ್ಬರು, ಏಕತಾರಿ ಹಿಡಿದು ತತ್ವಪದ ಹಾಡುವ ಅಕ್ಕ ಒಬ್ಬರು. ವಿಡಿಯೊ ಮೊದಲೇ ಎಡಿಟ್ ಮಾಡಿ, ಕಲಾವಿದರ ಕಿವಿಗೆ ಕ್ಲಿಕ್, ಅಂದರೆ ಲಯ ತೋರಿಸುವ ಟಿಕ್ ಟಿಕ್ ಸದ್ದು, ಕೊಟ್ಟು ಅದಕ್ಕೆ ಸರಿಯಾಗಿ ನುಡಿಸುವ ಪದ್ಧತಿ ಇದೆ. ಹಿರಿಯರು ಅದಕ್ಕೆ ಒಪ್ಪಲಿಲ್ಲ: "ತಮ್ಮಾ, ಚಿತ್ರ ನನ್ನ ಹಿಂದ ಬರ್ಲಿ. ನಾ ಅದರ ಹಿಂದ ಓಡಂಗಿಲ್ಲ." ಅವರ ಮಾತೇ ಸರಿ. ನಮ್ಮ ಕಡೆಯ ತೊಗಲುಗೊಂಬೆಯಾಟದಲ್ಲೂ ಪದ ಎಳೆದಷ್ಟು ಹೊತ್ತು ಗೊಂಬೆ ನಿಲ್ಲುತ್ತದೆ.

ಅದಕ್ಕೇ ವಿಡಿಯೊವನ್ನು ಸಣ್ಣ ಸಣ್ಣ ತುಣುಕು ಮಾಡಿದೆ. ಪ್ರತಿ ತುಣುಕೂ ಬೇಕಾದಷ್ಟು ಹೊತ್ತು ಸುತ್ತುತ್ತಿರುತ್ತದೆ. ಎಡಪರದೆ ಹಲಗೆಯದು: ಅದರ ಚೌಕಟ್ಟಿಗೆ ಅಂಟಿಸಿದ, ಅದುರುವಿಕೆ ಹಿಡಿಯುವ ಪೀಜೋ ಮೈಕಿಗೆ ಪೆಟ್ಟು ತಾಕಿದರೆ ಚಿತ್ರ ಬದಲಾಗುತ್ತದೆ. ಏಕತಾರಿಯ ಶ್ರುತಿ ಕಡಿಯದೆ ಹರಿಯುವುದರಿಂದ ಅಲ್ಲಿ ಮೈಕು ನಂಬುವಂತಿಲ್ಲ. ಬಲಪರದೆಯನ್ನು ಅಕ್ಕನ ಉಸಿರು ನೋಡಿಕೊಂಡು ಮಿಡಿ ಪ್ಯಾಡಿನಲ್ಲಿ, ಅಂದರೆ ಕಂಪ್ಯೂಟರಿಗೆ ಸಂಕೇತ ಕಳಿಸುವ ಗುಂಡಿಹಲಗೆಯಲ್ಲಿ, ನಾನೇ ಒತ್ತಿ ಬದಲಿಸುತ್ತೇನೆ. ನಡುವಿನ ಪರದೆ ಕಲ್ಲಿಗೆ.

ತೊಗಲು ಸಡಿಲಾದಾಗ ಹಿರಿಯರು ಪೀಜೋ ತಂತಿ ಕಳಚಿಟ್ಟು ಹಲಗೆ ಕಾಯಿಸಲು ಬೆಂಕಿಯ ಹತ್ತಿರ ಹೋಗುತ್ತಾರೆ. ಅವರು ಮರಳುವವರೆಗೆ ಎಡಪರದೆ ಕತ್ತಲು. ನಡುಪರದೆಯಲ್ಲಿ ಗೂಳಿಯ ಬೆನ್ನ ಮೇಲೆ ಬಿಸಿಲು ಸರಿಯುವ ಉದ್ದನೆಯ ಶಾಟ್, ಜೊತೆಗೆ ಏಕತಾರಿ ಒಂದೇ. ಇಡೀ ಪ್ರದರ್ಶನದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು. ಕ್ಲಿಕ್ ಹಾಕಿಕೊಂಡಿದ್ದರೆ ಇದು ಹುಟ್ಟುತ್ತಲೇ ಇರಲಿಲ್ಲ.

ಪರದೆಗೆ ಮಾದರಪಾಟು ಬಟ್ಟೆ ಸಾಕು. ಕೆಳಗಡೆ ಬಿದಿರು ಹೊಲಿದರೆ ಗಾಳಿಗೆ ಹಾರುವುದಿಲ್ಲ. ಪ್ರೊಜೆಕ್ಟರ್ ಮೂರೂ ಒಂದೇ ಮಾಡೆಲ್ ಇರಲಿ, ಇಲ್ಲದಿದ್ದರೆ ಪರದೆಗೆ ಚಿತ್ರ ಬರಲು ಒಂದೊಂದರ ತಡ ಒಂದೊಂದು ಥರ. ಚಿತ್ರದ ಓರೆ ತಿದ್ದುವ ಕೀಸ್ಟೋನ್ ಸೌಲಭ್ಯವೂ ತಡ ಹೆಚ್ಚಿಸಬಹುದು. ಅದನ್ನು ಆಫ್ ಮಾಡಿ ಸ್ಟ್ಯಾಂಡನ್ನೇ ನೇರ ನಿಲ್ಲಿಸುತ್ತೇನೆ. ಸೆಕೆಂಡಿಗೆ 25 ಫ್ರೇಮ್ ಅಂದರೆ ಒಂದು ಫ್ರೇಮಿಗೆ 40 ಮಿಲಿಸೆಕೆಂಡ್. ಅಷ್ಟರಲ್ಲಿ ಶಬ್ದ ಸುಮಾರು 14 ಮೀಟರ್ ಸಾಗಿರುತ್ತದೆ. ಧ್ವನಿವರ್ಧಕವಿಲ್ಲದ ಬಯಲಿನಲ್ಲಿ ಅಷ್ಟು ದೂರ ಕೂತವರಿಗೆ ಒಂದು ಫ್ರೇಮ್ ತಡವಾದ ಚಿತ್ರವೂ ಪೆಟ್ಟಿನ ಜೊತೆಗೇ ಬರುತ್ತದೆ. ಮುಂದಿನ ಸಾಲಿನವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗಬಹುದು. ಆದ್ದರಿಂದ ಜಮಖಾನೆಯನ್ನು ತುಸು ಹಿಂದೆಯೇ ಹಾಸಿಸುತ್ತೇನೆ.