ಎಂಜಿನ್ ನಿಂತ ಮೇಲೆ ಹೊಲದಲ್ಲಿ ವಿಮಾನ ಇಳಿಸಿದ ಬಗೆ

ನಾನು ಹಾರಿಸುತ್ತಿದ್ದುದು ಒಂದೇ ಟರ್ಬೊಪ್ರಾಪ್ (ಟರ್ಬೈನಿನಿಂದ ಪ್ರೊಪೆಲರ್ ತಿರುಗಿಸುವ) ಎಂಜಿನ್ನಿನ, ಒಂಬತ್ತು ಪ್ರಯಾಣಿಕರನ್ನು ಒಯ್ಯುವ ಚಿಕ್ಕ ವಿಮಾನ. ನೆಲದಿಂದ ಸುಮಾರು 6,000 ಅಡಿ ಮೇಲಿದ್ದಾಗ ಲೋಹ ಮುರಿದಂತಹ ಸದ್ದಾಗಿ, ಪ್ರೊಪೆಲರಿಗೆ ಸಿಗುವ ತಿರುಗುಬಲ ತೋರಿಸುವ ಟಾರ್ಕ್ ಮಾಪಕದ ಮುಳ್ಳು ಸೊನ್ನೆಗೆ ಬಿತ್ತು. ಇಂಥ ಹೊತ್ತಿನಲ್ಲಿ ಕೈ ತಾನಾಗಿ ಎಂಜಿನ್ನಿನ ಲಿವರುಗಳತ್ತ ಹೋಗುತ್ತದೆ, ಆದರೆ ಮೊದಲು ಆಗಬೇಕಾದದ್ದು ಮೂತಿಯನ್ನು ತಗ್ಗಿಸಿ ಗ್ಲೈಡ್ ವೇಗವನ್ನು, ಅಂದರೆ ಎಂಜಿನ್ ಇಲ್ಲದೆ ಅತಿ ಹೆಚ್ಚು ದೂರ ತೇಲಿಸುವ ವೇಗವನ್ನು, ಹಿಡಿಯುವ ಕೆಲಸ. ನಮ್ಮ ವಿಮಾನಕ್ಕೆ ಪೂರ್ಣ ಭಾರದಲ್ಲಿ ಅದು 95 ನಾಟ್ (ಗಂಟೆಗೆ 95 ನಾಟಿಕಲ್ ಮೈಲಿ, ಸುಮಾರು 176 ಕಿ.ಮೀ.). ಮೂತಿಯನ್ನು ಎತ್ತಿ ಹಿಡಿದರೆ ಇನ್ನಷ್ಟು ದೂರ ಹೋಗಬಹುದು ಎನ್ನಿಸುವುದು ಬರೀ ಭ್ರಮೆ. ವೇಗ ಅದಕ್ಕಿಂತ ಇಳಿದರೂ ಏರಿದರೂ ಸಾಗುವ ದೂರ ಕಡಿಮೆಯಾಗುತ್ತದೆ. ವೇಗ ಸ್ಥಿರವಾದ ಮೇಲೆ ಪ್ರೊಪೆಲರನ್ನು ಫೆದರ್ ಮಾಡಿ, ಅಲಗುಗಳ ಅಂಚು ಗಾಳಿಗೆ ಎದುರಾಗುವಂತೆ ತಿರುಗಿಸಿದೆ. ಇಂಧನದ ಸ್ವಿಚ್ಚುಗಳನ್ನು ಒಮ್ಮೆ ನೋಡಿದೆನಾದರೂ, ಅಂಥ ಸದ್ದು ಮಾಡಿದ ಎಂಜಿನ್ನನ್ನು ಮತ್ತೆ ಚಾಲೂ ಮಾಡಲು ಹೋಗಲಿಲ್ಲ.

ಹತ್ತಿರದ ರನ್‌ವೇ 11 ನಾಟಿಕಲ್ ಮೈಲಿ ದೂರದಲ್ಲಿತ್ತು. ಗಾಳಿಯಿಲ್ಲದಿದ್ದರೆ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು 2 ನಾಟಿಕಲ್ ಮೈಲಿ ಸಾಗುತ್ತದೆಂಬ ಲೆಕ್ಕದಲ್ಲಿ ಅದು ಕೈಗೆ ಸಿಗುವಂತೆಯೇ ಇತ್ತು. ಎದುರುಗಾಳಿಯಿದ್ದುದರಿಂದ ನಾನು ಆ ಲೆಕ್ಕವನ್ನು ನಂಬಲಿಲ್ಲ. ಕೆಳಗಿನ ರಸ್ತೆ ನೇರವಾಗಿತ್ತು, ಆದರೆ ಅದರ ಪಕ್ಕದಲ್ಲಿ ಕಂಬಗಳ ಸಾಲಿತ್ತು. ಮೇಲಿನಿಂದ ತಂತಿ ಕಾಣಿಸುವುದಿಲ್ಲ, ಕಂಬ ಕಾಣಿಸುತ್ತದೆ. ಕಂಬವಿದ್ದ ಮೇಲೆ ತಂತಿ ಇದ್ದೇ ಇದೆ ಎಂದುಕೊಳ್ಳಬೇಕು. ಕೊನೆಗೆ ಒಪ್ಪಿದ್ದು ಎಡಗಡೆ, ಇಳಿಯುವಾಗ ನನ್ನ ಕಣ್ಣಳತೆಯಲ್ಲೇ ಇರುವಂತಿದ್ದ, ಕೊಯ್ಲು ಮುಗಿದು ಕೂಳೆ ಉಳಿದಿದ್ದ ಉದ್ದನೆಯ ಹೊಲವನ್ನು. ಒಂದು ಕೆರೆಯ ನೀರು ಒಂದು ದಡದ ಬಳಿ ನಯವಾಗಿಯೂ ಉಳಿದೆಡೆ ಅಲೆಯೆದ್ದೂ ಇತ್ತು. ಗಾಳಿ ಬರುವುದು ಆ ನಯವಾದ ದಡದ ಕಡೆಯಿಂದ. ಉಳುಮೆಯ ಸಾಲುಗಳೂ ಹೆಚ್ಚುಕಡಿಮೆ ಅದೇ ದಿಕ್ಕಿಗಿದ್ದವು. ಗಾಳಿಯ ವಿಷಯದಲ್ಲಿ ಉದಾಸೀನ ಸಲ್ಲದು: 60 ನಾಟ್ ವೇಗದಲ್ಲಿ ನೆಲ ಮುಟ್ಟುವ ವಿಮಾನಕ್ಕೆ 10 ನಾಟ್ ಎದುರುಗಾಳಿಯಿದ್ದರೆ ನೆಲದ ಮೇಲಿನ ವೇಗ 50, ಅದೇ ಗಾಳಿ ಹಿಂದಿನಿಂದ ಬಂದರೆ 70, ಎರಡನೆಯದರಲ್ಲಿ ಅರಗಿಸಿಕೊಳ್ಳಬೇಕಾದ ಶಕ್ತಿ ಹತ್ತಿರಹತ್ತಿರ ಇಮ್ಮಡಿ.

ಹೊಲ ನಿಶ್ಚಯವಾದ ಮೇಲೆಯೇ ರೇಡಿಯೊ ಹಿಡಿದೆ. ಮೂರು ಸಲ ‘ಮೇಡೇ’ ಎಂಬ ಅಪಾಯದ ಕರೆ, ನಮ್ಮ ಸ್ಥಾನ, ವಿಮಾನದಲ್ಲಿರುವವರ ಸಂಖ್ಯೆ ಹೇಳಿ, ರೇಡಾರಿಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರಿನಲ್ಲಿ ತುರ್ತು ಸಂಕೇತವಾದ 7700 ಹಾಕಿದೆ. ಪ್ರಯಾಣಿಕರ ಕಡೆ ತಿರುಗಿ, “ಎಂಜಿನ್ ನಿಂತಿದೆ, ಹೊಲದಲ್ಲಿ ಇಳಿಸುತ್ತಿದ್ದೇನೆ. ಬೆಲ್ಟ್ ಬಿಗಿ ಮಾಡಿ, ಕನ್ನಡಕ ತೆಗೆಯಿರಿ, ನಾನು ಕೂಗಿದಾಗ ತಲೆ ಬಗ್ಗಿಸಿ ಹಿಡಿದುಕೊಳ್ಳಿ,” ಎಂದೆ. ಇದಕ್ಕಿಂತ ಹೆಚ್ಚು ಹೇಳಿದರೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಎತ್ತರದ ಲೆಕ್ಕ. ಗುರಿಯನ್ನು ಹೊಲದ ಅಂಚಿಗೆ ಇಡದೆ ಮೂರನೆಯ ಒಂದು ಭಾಗ ಒಳಗೆ ಇಟ್ಟುಕೊಂಡೆ. ಎತ್ತರ ಮಿಕ್ಕರೆ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗುವ ಪಟ್ಟಿ) ಇಳಿಸಿ ಅದನ್ನು ಕಳೆಯಬಹುದು, ಕೊರತೆಯಾದರೆ ತುಂಬಿಕೊಡುವ ಎಂಜಿನ್ ಇಲ್ಲ. ಹೊಲದ ಪಕ್ಕದಲ್ಲಿ ಹಾದುಹೋಗುವಾಗ 1,500 ಅಡಿ ಉಳಿದಿತ್ತು. ಕೊನೆಯ ತಿರುವಿನಲ್ಲಿ ವಿಮಾನವನ್ನು ಹೆಚ್ಚು ವಾಲಿಸಿ ಮೂತಿ ಎಳೆಯುವ ಆಸೆ ಬರುತ್ತದೆ. ಜೀವ ಹೋಗುವುದು ಹೆಚ್ಚಾಗಿ ಅಲ್ಲಿಯೇ, ಏಕೆಂದರೆ ಅಷ್ಟು ಕೆಳಗೆ ಸ್ಟಾಲ್ ಆದರೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡರೆ, ಸುಧಾರಿಸಿಕೊಳ್ಳಲು ಎತ್ತರವಿರುವುದಿಲ್ಲ. ತಿರುವು ಮುಗಿದು, ಹೊಲ ಖಂಡಿತ ಸಿಗುತ್ತದೆಂದು ಕಂಡ ಮೇಲಷ್ಟೇ ಪೂರ್ಣ ಫ್ಲ್ಯಾಪ್ ಇಳಿಸಿದೆ. ಫ್ಲ್ಯಾಪ್ ವಿದ್ಯುತ್ತಿನಿಂದ ನಡೆಯುವುದರಿಂದ, ಅದು ಇಳಿದ ನಂತರವೇ ಬ್ಯಾಟರಿ ಆರಿಸಬೇಕು. ಇಂಧನವನ್ನು ಅದಕ್ಕೂ ಮುಂಚೆ ಕಡಿದಿದ್ದೆ. ಬಡಿತಕ್ಕೆ ಚೌಕಟ್ಟು ಸೊಟ್ಟಗಾದರೆ ಬಾಗಿಲು ಸಿಕ್ಕಿಕೊಳ್ಳಬಾರದೆಂದು ನನ್ನ ಪಕ್ಕದ ಬಾಗಿಲಿನ ಚಿಲಕವನ್ನೂ ಸಡಿಲಿಸಿದೆ.

ಹಿಂದಿನ ಚಕ್ರಗಳು ಕೂಳೆಗೆ ತಾಗಿದಾಗ ಸರಸರ ಸದ್ದು ಕೇಳಿಸಿತು. ಕಂಟ್ರೋಲನ್ನು ಎದೆಯತ್ತ ಎಳೆದು ಹಿಡಿದು, ಮೂತಿಯ ಚಕ್ರವನ್ನು ಆದಷ್ಟು ಹೊತ್ತು ಹಗುರವಾಗಿ ಇಟ್ಟೆ. ಕೊನೆಗೆ ಅದು ಒಂದು ಬದುವಿಗೆ ಸಿಕ್ಕಿ ಬಾಗಿತು, ಪ್ರೊಪೆಲರಿನ ಒಂದು ಅಲಗು ಮಣ್ಣಿಗೆ ಹೂತಿತು, ವಿಮಾನ ನಿಂತಿತು. ಹಿಂದಿನ ಬಾಗಿಲಿನಿಂದ ಎಲ್ಲರನ್ನೂ ಇಳಿಸಿ, ಗಾಳಿ ಬರುವ ದಿಕ್ಕಿಗೆ ದೂರ ನಡೆಸಿ ತಲೆ ಎಣಿಸಿದೆ; ಒಬ್ಬರ ಮೊಣಕೈ ತರಚಿದ್ದು ಬಿಟ್ಟರೆ ಗಾಯಗಳಿರಲಿಲ್ಲ. ಮೆತ್ತಗೆ ಇಳಿದ ವಿಮಾನದಲ್ಲಿ ತುರ್ತು ಸಂಕೇತ ಯಂತ್ರ ತಾನಾಗಿ ಚಾಲೂ ಆಗದಿರಬಹುದು. ಎಲ್ಲಿಯೂ ಹೊಗೆಯಿಲ್ಲವೆಂದು ಖಚಿತವಾದ ಮೇಲೆ ವಿಮಾನಕ್ಕೆ ಮರಳಿ, 406 ಮೆಗಾಹರ್ಟ್ಸಿನ ಆ ಸಾಧನದ ಸ್ವಿಚ್ಚನ್ನು ಕೈಯಿಂದಲೇ ಹಾಕಿದೆ.