ಹಾಕ್ ಮಾಡೆಲ್‌ಗೆ ರೇಡಿಯೋ ಕೂರಿಸಿದ ಎರಡು ತಿಂಗಳು

ಯಲಹಂಕದ ಏರ್ ಶೋನಲ್ಲಿ ಸೂರ್ಯಕಿರಣ ತಂಡದ ಕೆಂಪು-ಬಿಳಿ ಹಾಕ್‌ಗಳನ್ನು ನೋಡಿದಾಗಿನಿಂದ ಮನಸ್ಸಿನಲ್ಲಿ ಕೂತಿದ್ದ ಆಸೆ ಇದು. ಅಸಲಿ ಹಾಕ್‌ನ ರೆಕ್ಕೆ ತುದಿಯಿಂದ ತುದಿಗೆ ಸುಮಾರು 10 ಮೀಟರ್. ನಾನು ಕಟ್ಟಿದ್ದು ಅದರ ಕಾಲು ಅಳತೆಯದು: ಎರಡೂವರೆ ಮೀಟರ್ ರೆಕ್ಕೆ, ಮೂರು ಮೀಟರ್ ಉದ್ದ, ಇಂಧನ ತುಂಬಿದರೆ 20 ಕೆಜಿ ದಾಟುವ ತೂಕ, ಹೊಟ್ಟೆಯೊಳಗೆ ಸೀಮೆಎಣ್ಣೆ ಕುಡಿಯುವ ಟರ್ಬೈನ್. ಎಂಜಿನ್, ಟ್ಯಾಂಕ್, ಚಕ್ರ ಎಲ್ಲ ಕೂತ ಮೇಲೆ ಉಳಿದದ್ದು ರೇಡಿಯೋ, ಅಂದರೆ ನೆಲದಲ್ಲಿ ನಿಂತು ವಿಮಾನ ಹಾರಿಸುವ ರಿಮೋಟ್ ಕಂಟ್ರೋಲ್ ವ್ಯವಸ್ಥೆ. ವಾರದಲ್ಲಿ ಮುಗಿಸಬಹುದು ಅಂದುಕೊಂಡಿದ್ದೆ, ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳ ಬಗ್ಗೆ ಈಗಲೂ ಬೇಸರವಿಲ್ಲ.

ಇಷ್ಟು ತೂಕದ ವಸ್ತು ಗಂಟೆಗೆ 200 ಕಿ.ಮೀ. ಮೀರಿ ಹಾರುವಾಗ ಕೈತಪ್ಪಿದರೆ ಏನಾಗಬಹುದು ಅನ್ನುವ ಭಯವನ್ನು ಮುಂದಿಟ್ಟುಕೊಂಡೇ ಕೆಲಸ ಶುರು ಮಾಡಿದೆ. ಯಾವುದೇ ಒಂದು ಭಾಗ ಕೈಕೊಟ್ಟರೂ ವಿಮಾನ ನನ್ನ ಮಾತು ಕೇಳಬೇಕು. ಹಾಗಾಗಿ ನನ್ನ ಕೈಯಲ್ಲಿರುವ ಟ್ರಾನ್ಸ್‌ಮಿಟರ್‌ನ ಸಿಗ್ನಲ್ ಹಿಡಿಯುವ ರಿಸೀವರ್ ಎರಡು, ಅವುಗಳಿಗೆ ಬ್ಯಾಟರಿ ಎರಡು, ಆ ಎರಡರಿಂದಲೂ ಕರೆಂಟ್ ತೆಗೆದುಕೊಂಡು ಹಂಚುವ ಪವರ್ ಬಾಕ್ಸ್ ಒಂದು. ಬಾಲದ ಅಡ್ಡ ರೆಕ್ಕೆಯ ಎಡಬಲಕ್ಕೂ ಬೇರೆ ಬೇರೆ ಸರ್ವೋ (ರೆಕ್ಕೆಯ ಚಲಿಸುವ ಭಾಗವನ್ನು ತಿರುಗಿಸುವ ಪುಟ್ಟ ಮೋಟಾರು). ಟರ್ಬೈನ್‌ನ ಇಸಿಯುಗೂ (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಲ್ಯಾಂಡಿಂಗ್ ಗೇರ್‌ಗೂ ಅವುಗಳದ್ದೇ ಬ್ಯಾಟರಿ. ಎಲ್ಲ ಬ್ಯಾಟರಿಗಳನ್ನೂ ಮೂಗಿನಲ್ಲೇ ಕೂರಿಸಿದೆ, ಹಿಂದಿನ ಟರ್ಬೈನ್ ಭಾರಕ್ಕೆ ಮುಂದೆ ಸೀಸ ತುಂಬುವುದು ತಪ್ಪಿತು.

ಆದರೆ ಬ್ಯಾಟರಿ ಮೂಗಿನಲ್ಲಿದ್ದರೆ ಬಾಲದ ಸರ್ವೋಗೆ ಎರಡು ಮೀಟರ್ ವೈರು ಎಳೆಯಬೇಕು. ಹೋಗಿ ಬರುವ ದಾರಿ ಸೇರಿಸಿದರೆ ನಾಲ್ಕು ಮೀಟರ್. ಮೊದಲು ನನ್ನ ಡಬ್ಬಿಯಲ್ಲಿದ್ದ 26 ಗೇಜಿನ ಮಾಮೂಲಿ ಸರ್ವೋ ವೈರನ್ನೇ ಎಳೆದಿದ್ದೆ. ಮೇಜಿನ ಮೇಲೆ ಎಲ್ಲ ಸರಿಯಾಗಿಯೇ ಓಡಿತು. ಒಂದು ಸಂಜೆ ಸರ್ವೋ ತೋಳನ್ನು ಕೈಯಲ್ಲಿ ಬಿಗಿಯಾಗಿ ಹಿಡಿದು, ಸ್ಟಿಕ್ ತಳ್ಳಿ, ಬಾಲದ ತುದಿಯಲ್ಲಿ ಮೀಟರ್ ಹಚ್ಚಿದೆ. ಬ್ಯಾಟರಿ ಹತ್ತಿರ 8 ವೋಲ್ಟ್ ತೋರಿಸುತ್ತಿದ್ದದ್ದು ಅಲ್ಲಿ ಐದೂವರೆಗೆ ಇಳಿದಿತ್ತು. ಲೆಕ್ಕ ಹಾಕಿದರೆ ಸರಿಯಾಗಿಯೇ ಇದೆ: ಆ ವೈರಿನ ನಾಲ್ಕು ಮೀಟರ್‌ಗೆ ಅರ್ಧ ಓಮ್‌ಗಿಂತ ಸ್ವಲ್ಪ ಹೆಚ್ಚು ತಡೆ, ಸರ್ವೋ ಎಳೆಯುತ್ತಿದ್ದದ್ದು 5 ಆಂಪಿಯರ್ ಹತ್ತಿರ. ಡೈವ್‌ನಿಂದ ಮೇಲೆತ್ತುವ ಹೊತ್ತಿಗೆ, ಬಲ ಅತಿ ಹೆಚ್ಚು ಬೇಕಾದ ಕ್ಷಣದಲ್ಲೇ ಸರ್ವೋ ಸೋಲುತ್ತಿತ್ತು. ಮರುದಿನ ಎಸ್.ಪಿ. ರೋಡಿಗೆ ಹೋಗಿ 20 ಗೇಜಿನ ಸಿಲಿಕಾನ್ ವೈರು ತಂದೆ; ಗೇಜ್ ಸಂಖ್ಯೆ ಇಳಿದಷ್ಟೂ ವೈರು ದಪ್ಪ. ಅದೇ ಪರೀಕ್ಷೆಯಲ್ಲಿ ನಷ್ಟ 0.7 ವೋಲ್ಟ್‌ಗೆ ಇಳಿಯಿತು. ದುಬಾರಿ ಸರ್ವೋ ಕೊಂಡು ತೆಳು ವೈರು ಎಳೆಯುವವರನ್ನು ಕಂಡಾಗಲೆಲ್ಲ ಈ ಮೀಟರಿನ ಮುಳ್ಳು ನೆನಪಾಗುತ್ತದೆ.

ವೈರು ಎಳೆದ ಮೇಲೆ ಕಟ್ಟುವ ಕೆಲಸ. ಅಪ್ಪ ಎಚ್‌ಎಎಲ್‌ನಲ್ಲಿ ವಿಮಾನಗಳ ವೈರಿಂಗ್ ಮಾಡಿ ನಿವೃತ್ತರಾದವರು. ನಾನು ಪ್ಲಾಸ್ಟಿಕ್ ಟೈ ಹಾಕಿ ಜಗ್ಗುತ್ತಿದ್ದಾಗ ಹಿಂದೆ ಬಂದು ನಿಂತರು. 'ಅಷ್ಟು ಬಿಗೀಬೇಡ ಕಣೋ, ಅದರ ಅಂಚು ಒಳಗೊಳಗೇ ಕೊಯ್ಯುತ್ತೆ' ಅಂದವರೇ ಬೀರುವಿನಿಂದ ಮೇಣ ಹಚ್ಚಿದ ಚಪ್ಪಟೆ ದಾರದ ಉಂಡೆ ತಂದರು. ನಾಲ್ಕು ಬೆರಳಿಗೊಂದು ಗಂಟು. ಎರಡು ಸುತ್ತು ಸುತ್ತಿ, ದಾರದಡಿಯಿಂದ ತುದಿ ತೂರಿಸಿ, ಮೇಲೊಂದು ಗಂಟು ಹಾಕಿ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಎಪ್ಪತ್ತು ದಾಟಿದ ಕೈ, ಒಂದು ಗಂಟೂ ಓರೆಯಾಗಲಿಲ್ಲ. 'ಈ ಬ್ಲೇಡಿನ ಮೇಲೆ ವೈರು ಮಲಗಿಸಿದ್ದೀಯಲ್ಲ' ಅಂತ ಅವರು ಬೆರಳಿಟ್ಟು ತೋರಿಸಿದ್ದು ಕಾರ್ಬನ್ ಫೈಬರ್ ಅಡ್ಡಪಟ್ಟಿಯ ತೂತು. ನಿಜ, ಅಲ್ಲಿ ಕೆಂಪು ವೈರಿನ ಮೇಲುಸಿಪ್ಪೆ ಆಗಲೇ ಉಜ್ಜಿ ಬೆಳ್ಳಗಾಗಿತ್ತು. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ, ಸಿಪ್ಪೆ ಹರಿದರೆ ಶಾರ್ಟ್ ಆಗುವ ಜಾಗ. ಅವತ್ತೇ ಎಲ್ಲ ತೂತುಗಳಿಗೂ ರಬ್ಬರ್ ಬಳೆ ತೊಡಿಸಿದೆ. ರೆಕ್ಕೆ ಬುಡದ ಪ್ಲಗ್‌ಗಳಿಗೆ ಬೀಗದ ಕ್ಲಿಪ್, ಪ್ರತಿ ವೈರಿನ ಎರಡೂ ತುದಿಗೆ ಚೀಟಿ.

ನನ್ನನ್ನು ಹೆಚ್ಚು ಕಾಡಿದ್ದು ಆಂಟೆನಾ. 2.4 ಗಿಗಾಹರ್ಟ್ಸ್ ಆಂಟೆನಾದಲ್ಲಿ ನಿಜವಾಗಿ ಕೆಲಸ ಮಾಡುವುದು ತುದಿಯ 31 ಮಿ.ಮೀ. ಬರಿ ತಂತಿ ಮಾತ್ರ. ಎರಡು ರಿಸೀವರ್‌ಗಳನ್ನೂ ಕಾಕ್‌ಪಿಟ್ ಕೆಳಗೆ ಅಕ್ಕಪಕ್ಕ ಇಟ್ಟಿದ್ದೆ, ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಟ್ರಾನ್ಸ್‌ಮಿಟರ್‌ನ ಶಕ್ತಿ ತಗ್ಗಿಸಿ 30 ಹೆಜ್ಜೆ ದೂರ ನಿಂತೆ. ಗೆಳೆಯ ವಿಮಾನವನ್ನು ನಿಧಾನ ತಿರುಗಿಸುತ್ತಾ ಹೋದ. ಮೂಗು ನನ್ನ ಕಡೆಗಿದ್ದಾಗ ಒಂದು ಫ್ರೇಮೂ (ಸಿಗ್ನಲ್‌ನ ಒಂದು ಕಂತು) ತಪ್ಪಲಿಲ್ಲ. ಬಾಲ ತಿರುಗಿತೋ ಇಲ್ಲವೋ, ಎರಡು ರಿಸೀವರ್‌ಗಳಲ್ಲೂ ತಪ್ಪಿದ ಫ್ರೇಮುಗಳ ಲೆಕ್ಕ ಒಟ್ಟಿಗೇ ಏರಿತು. ಎರಡು ರಿಸೀವರ್ ಇದ್ದೂ ಎರಡಕ್ಕೂ ಒಂದೇ ಕಡೆ ಕುರುಡು: ಮಧ್ಯೆ ಟರ್ಬೈನ್, ಉಕ್ಕಿನ ಹೊಗೆಕೊಳವೆ, ಕಾರ್ಬನ್ ಪಟ್ಟಿಗಳು ಅಡ್ಡ ನಿಂತಿದ್ದವು. ಒಂದನ್ನು ಬಾಲದ ನೆಟ್ಟನೆ ರೆಕ್ಕೆಯ ಬುಡಕ್ಕೆ ಸಾಗಿಸಿದೆ. ಅಲ್ಲಿ ಬರೀ ಗ್ಲಾಸ್ ಫೈಬರ್, ಅಲೆಗಳಿಗೆ ತಡೆಯಿಲ್ಲ. ಒಂದು ಆಂಟೆನಾ ನೆಟ್ಟಗೆ, ಇನ್ನೊಂದು ಅಡ್ಡ, ತೆಳು ಪ್ಲಾಸ್ಟಿಕ್ ಕೊಳವೆಯಲ್ಲಿ. ಮತ್ತೆ ಪೂರ್ತಿ ಸುತ್ತು ತಿರುಗಿಸಿದಾಗ ಒಂದು ತಪ್ಪಿದ ಕಡೆ ಇನ್ನೊಂದು ಹಿಡಿಯಿತು. ಟರ್ಬೈನ್ ಓಡಿಸಿಕೊಂಡೂ ಇದೇ ಪರೀಕ್ಷೆ ಮಾಡಿದೆ.

ಇಸಿಯುಗೆ ಸ್ಟಿಕ್ ಕಲಿಸುವುದು ಸುಲಭ: ಸ್ಟಿಕ್, ಅದರ ಪಕ್ಕದ ಪುಟ್ಟ ಗುಂಡಿ ಟ್ರಿಮ್ ಎರಡೂ ಕೆಳಗಿದ್ದರೆ ಬಂದ್, ಟ್ರಿಮ್ ಮೇಲೆ ಹೋದರೆ ಐಡಲ್ (ಅತಿ ಕಡಿಮೆ ವೇಗದ ಓಟ), ಸ್ಟಿಕ್ಕೂ ಮೇಲೆ ಹೋದರೆ ಪೂರ್ತಿ. ಸಿಗ್ನಲ್ ತಪ್ಪಿದರೆ ತಾನೇ ಎಂಜಿನ್ ನಿಲ್ಲಿಸುವ ಫೇಲ್‌ಸೇಫ್ ಮಾತ್ರ ಬರೀ ಮೆನುವಿನಲ್ಲಿ ನೋಡಿ ನಂಬಲಿಲ್ಲ. ವಿಮಾನವನ್ನು ಹಗ್ಗದಿಂದ ಬಿಗಿದು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕಕ್ಕಿಟ್ಟು, ಐಡಲ್‌ನಲ್ಲಿ ಓಡುತ್ತಿರುವಾಗಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿದೆ. ಸ್ವಲ್ಪ ಹೊತ್ತಿನಲ್ಲೇ ಟರ್ಬೈನ್‌ನ ಸ್ವರ ಇಳಿಯುತ್ತಾ ಹೋಗಿ ನಿಂತಿತು. ಸಿಗ್ನಲ್ ಕಳೆದುಕೊಂಡ ಜೆಟ್ ಎಂಜಿನ್ ಹೊತ್ತಿಕೊಂಡೇ ಹಾರಬಾರದು.

ಊರಾಚೆಯ ರನ್‌ವೇಯಲ್ಲಿ ಮೊದಲ ಹಾರಾಟ ಎಂಟು ನಿಮಿಷ. ಇಳಿಸಿದ ಮೇಲೆ ಎಲ್ಲರೂ ಫೋಟೋ ತೆಗೆಯುತ್ತಿದ್ದರೆ ನಾನೂ ಅಪ್ಪನೂ ಕ್ಯಾನೊಪಿ ಬಿಚ್ಚಿ ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆವು. ಮನೆಗೆ ಬಂದು ರಿಸೀವರ್‌ಗಳ ಎರಡು ಬ್ಯಾಟರಿ ಚಾರ್ಜ್ ಮಾಡಿದಾಗ ಒಂದು 310 ಮಿಲಿಆಂಪ್-ಅವರ್ ತೆಗೆದುಕೊಂಡಿತು, ಇನ್ನೊಂದು 295. ಹೊರೆಯನ್ನು ಎರಡೂ ಸಮನಾಗಿ ಹೊತ್ತಿದ್ದವು. ಎರಡೂ ಅಂಕಿಗಳನ್ನು ಹಾರಾಟದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟೆ.