ಮುಂದಿನ ಕಾರೂ ಅದೇ ಕಂಪನಿದು ತಗೋಬೇಕಾ? ತೀರ್ಮಾನ ಮಾಡೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಕಾರ್ ಬದಲಾಯಿಸೋ ಟೈಮ್ ಬಂತು ಅಂದ್ರೆ ಜನ ಎರಡೇ ಥರ ಮಾತಾಡ್ತಾರೆ. ಒಂದು, "ನಮ್ಮನೇಲಿ ಮೊದಲಿಂದ್ಲೂ ಇದೇ ಕಂಪನಿ, ಬೇರೆದು ನೋಡೋದೂ ಇಲ್ಲ". ಇನ್ನೊಂದು, "ಸಾಕಪ್ಪಾ ಸಾಕು, ಪುಕ್ಸಟ್ಟೆ ಕೊಟ್ರೂ ಆ ಕಂಪನಿ ಸಹವಾಸ ಬೇಡ". ಎರಡನ್ನೂ ಸ್ವಲ್ಪ ಕೆದಕಿ ನೋಡಿ, ಒಳಗೆ ಕಾರಿನ ವಿಷಯ ಸಿಗೋದೇ ಕಮ್ಮಿ. ಅಪ್ಪ ಇಟ್ಕೊಂಡಿದ್ದು ಅನ್ನೋ ಸೆಂಟಿಮೆಂಟ್, ಒಬ್ಬ ಒಳ್ಳೆ ಮೆಕ್ಯಾನಿಕ್, ಒಬ್ಬ ಕೆಟ್ಟ ಸರ್ವೀಸ್ ಅಡ್ವೈಸರ್, ಕೈಗೆ ಕೂತುಬಿಟ್ಟಿರೋ ಅಭ್ಯಾಸ, ಇಂಥವೇ ಇರುತ್ತೆ. ಇವನ್ನೆಲ್ಲಾ ಬ್ರ್ಯಾಂಡ್ ಹೆಸರಿಂದ ಬಿಡಿಸಿ ಬೇರೆಬೇರೆ ಇಟ್ರೆ ಅರ್ಧ ತಲೆನೋವು ಕಮ್ಮಿ, ಅದನ್ನ ಹೇಗೆ ಮಾಡೋದು ಅಂತಾನೇ ಇಲ್ಲಿ ಬರೀತಿದೀನಿ.

ಮೊದಲು ಒಂದು ಹಾಳೆ ತಗೊಳ್ಳಿ, ಫೋನಲ್ಲಿ ಬೇಡ. ಈಗಿರೋ ಕಾರಲ್ಲಿ ಇಷ್ಟವಾಗಿರೋದು, ಆಗದೇ ಇರೋದು ಎರಡನ್ನೂ ಬರೀರಿ. ಒಂದೇ ಕಂಡೀಷನ್, "ಕಂಪನಿ ಚೆನ್ನಾಗಿದೆ", "ಕ್ವಾಲಿಟಿ ಇಲ್ಲ" ಥರದ ಮಾತು ಬರೀಬಾರದು, ಕೈಲಿ ಮುಟ್ಟಿ ತೋರಿಸೋ ಹಾಗಿರ್ಬೇಕು. ಕ್ಲಚ್ ಹಗುರ, ಹಿಂದಿನ ಸೀಟಲ್ಲಿ ಮೊಣಕಾಲು ತಾಗುತ್ತೆ, ಬಿಸಿಲಲ್ಲಿ ಸ್ಕ್ರೀನ್ ಹ್ಯಾಂಗ್ ಆಗುತ್ತೆ, ಬಿಲ್ಲಲ್ಲಿ ಕೇಳದೇ ಇರೋ ಐಟಂ ಸೇರಿಸ್ತಾರೆ, ಹೀಗೆ. ಆಮೇಲೆ ಒಂದೊಂದರ ಮುಂದೆಯೂ ಇದು ಯಾರ ಲೆಕ್ಕಕ್ಕೆ ಬರುತ್ತೆ ಅಂತ ಹಾಕಿ: ಆ ಮಾಡೆಲ್ಲಾ, ಆ ಇಂಜಿನ್ನಾ, ವರ್ಕ್‌ಷಾಪಾ, ನನ್ನ ಅಭ್ಯಾಸವಾ, ಇಲ್ಲಾ ನಿಜವಾಗ್ಲೂ ಕಂಪನಿದೇನಾ. ಕಂಪನಿ ಲೆಕ್ಕಕ್ಕೆ ಎಷ್ಟು ಕಮ್ಮಿ ಸಾಲು ಉಳಿಯುತ್ತೆ ಅಂತ ನೋಡಿದ್ರೆ ನಿಮಗೇ ಆಶ್ಚರ್ಯ ಆಗುತ್ತೆ.

ಅಭ್ಯಾಸದ ವಿಷಯ ಬೇಗ ಹೇಳ್ಬಿಡ್ತೀನಿ. ಬಲಗಡೆ ಸ್ಟಿಯರಿಂಗ್ ಇರೋ ಕಾರುಗಳಲ್ಲಿ ಜಪಾನಿನ ಕಂಪನಿಗಳು ಹೆಚ್ಚಾಗಿ ಇಂಡಿಕೇಟರ್ ಕಡ್ಡಿನ ಬಲಕ್ಕಿಡ್ತಾರೆ, ಯುರೋಪಿನವರು ಎಡಕ್ಕೇ ಇಡ್ತಾರೆ. ನಾನು ಒಂದರಿಂದ ಇನ್ನೊಂದಕ್ಕೆ ಹೋದಾಗ ಮೊದಲ ಎರಡು ವಾರ ಪ್ರತಿ ತಿರುವಲ್ಲೂ ಒಣ ಗಾಜಿನ ಮೇಲೆ ವೈಪರ್ ಕಿರ್ರ್ ಅಂತ ಆಡಿಸ್ಕೊಂಡೇ ಓಡಾಡಿದೀನಿ, ಹಿಂದಿನವರು ಹಾರ್ನ್ ಮೇಲೆ ಹಾರ್ನ್. ಆಗ "ಛೇ, ಹಳೇ ಕಂಪನಿನೇ ವಾಸಿ" ಅನ್ಸಿದ್ದು ನಿಜ. ಮೂರನೇ ವಾರಕ್ಕೆ ಕೈ ತಾನಾಗೇ ಸರಿಹೋಯ್ತು. ಈ ಥರದ್ದನ್ನೆಲ್ಲಾ ಹಾಳೆಯಿಂದ ಹೊಡೆದುಹಾಕಿ.

ವರ್ಕ್‌ಷಾಪ್ ವಿಷಯ ಮಾತ್ರ ಹಾಗಲ್ಲ, ಜನ ಬ್ರ್ಯಾಂಡ್ ಬಿಟ್ಟುಹೋಗೋದು ಹೆಚ್ಚಾಗಿ ಇಲ್ಲೇ ಅಂತ ನನ್ನ ಅನಿಸಿಕೆ. ನನ್ನ ಹಿಂದಿನ ಕಾರಲ್ಲಿ ಎಡಗಡೆ ಮುಂದಿನ ಚಕ್ರದ ಹತ್ರ ಒಂದು ಕಟಕಟ ಶಬ್ದ. ಸ್ಪೀಡಲ್ಲಿ ಇಲ್ಲ, ನಿಧಾನಕ್ಕೆ ಹಳ್ಳದಿಣ್ಣೆ ದಾಟುವಾಗ ಮಾತ್ರ. ಮೂರು ಸಲ ಬಿಟ್ಟುಬಂದೆ, ಮೂರು ಸಲಾನೂ ಜಾಬ್ ಕಾರ್ಡಲ್ಲಿ (ಏನು ತೊಂದರೆ, ಏನು ಕೆಲ್ಸ ಮಾಡಿದ್ರು ಅಂತ ವರ್ಕ್‌ಷಾಪ್‌ನವರು ಬರೆಯೋ ಹಾಳೆ) "ಚೆಕ್ ಮಾಡಲಾಗಿದೆ, ನಾರ್ಮಲ್" ಅಂತ ಬರೆದು, ಕಾರ್ ತೊಳೆದು, ಡ್ಯಾಶ್‌ಬೋರ್ಡ್‌ಗೆ ಪಾಲಿಷ್ ಹೊಡೆದು ವಾಪಸ್ ಕೊಟ್ರು. ಗೇಟ್ ದಾಟೋಕೆ ಮುಂಚೆನೇ ಕಟಕಟ. ಸಿಟ್ಟು ನೆತ್ತಿಗೇರಿ ಕಾರೇ ಮಾರಿಬಿಟ್ಟೆ, ಇನ್ನು ಜನ್ಮದಲ್ಲಿ ಈ ಕಂಪನಿ ಬೇಡ ಅಂದ್ಕೊಂಡೆ. ಒಂದು ತಿಂಗಳಾದ್ಮೇಲೆ ಕೊಂಡವರು ಯಾವುದೋ ಪೇಪರ್ ಕೇಳೋಕೆ ಫೋನ್ ಮಾಡಿದ್ರು, ಮಾತಿಗೆ ಮಾತು ಬಂದು ಶಬ್ದ ಏನಾಯ್ತು ಅಂತ ಕೇಳಿದ್ರೆ, ಹೊರಗಡೆ ಒಬ್ಬ ಮೆಕ್ಯಾನಿಕ್ ಚಕ್ರ ಬಿಚ್ಚಿ ಸ್ಟೆಬಿಲೈಸರ್ ಲಿಂಕ್ ಅನ್ನೋ ಸಸ್ಪೆನ್ಷನ್‌ನ ಒಂದು ಚಿಕ್ಕ ಪಾರ್ಟ್ ಬದಲಾಯಿಸ್ದ, ಅರ್ಧ ಗಂಟೆ ಕೆಲ್ಸ ಅಂದ್ರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತಾ ಅನ್ನೋ ಹಾಗಾಯ್ತು ನನ್ನ ಕಥೆ.

ಅದಕ್ಕೇ ಹೇಳ್ತಿರೋದು, ಬ್ರ್ಯಾಂಡ್ ಬಿಡೋಕೆ ಮುಂಚೆ ಅದೇ ಕಂಪನಿಯ ಬೇರೆ ಸರ್ವೀಸ್ ಸೆಂಟರ್‌ಗೆ ಒಂದ್ಸಲ ಕಾರ್ ತಗೊಂಡು ಹೋಗಿ. ಹೋಗುವಾಗ "ಶಬ್ದ ಬರುತ್ತೆ" ಅಂತ ಮಾತ್ರ ಹೇಳ್ಬೇಡಿ. ಯಾವ ಸ್ಪೀಡಲ್ಲಿ, ಯಾವ ಕಡೆಯಿಂದ, ಇಂಜಿನ್ ತಣ್ಣಗಿದ್ದಾಗ್ಲೋ ಬಿಸಿ ಇದ್ದಾಗ್ಲೋ ಎಲ್ಲಾ ಜಾಬ್ ಕಾರ್ಡಲ್ಲಿ ಬರೆಸಿ, ಟೆಕ್ನಿಷಿಯನ್‌ನ ಪಕ್ಕದಲ್ಲಿ ಕೂರಿಸ್ಕೊಂಡು ಆ ಶಬ್ದ ಕೇಳಿಸಿ. ಜಾಬ್ ಕಾರ್ಡ್ ಕಾಪಿ ಇಟ್ಕೊಳ್ಳಿ, ವಾರಂಟಿ ಮುಗಿದ ಮೇಲೆ "ಈ ತೊಂದರೆ ಮೊದಲೇ ಇತ್ತು" ಅನ್ನೋಕೆ ಅದೇ ಸಾಕ್ಷಿ. ಅಲ್ಲೂ ಅದೇ ಪಾಲಿಷ್ ಕಥೆ ಆದ್ರೆ ಆಗ ತಪ್ಪು ಕಂಪನಿದು ಅಂತ ಧೈರ್ಯವಾಗಿ ಬರ್ಕೊಳ್ಳಿ.

ಇನ್ನೊಂದು ನೋಡ್ಬೇಕಾಗಿರೋದು, ಕಂಪನಿ ತಪ್ಪು ಮಾಡಿದಾಗ ಹೇಗೆ ನಡ್ಕೊಂಡಿದೆ ಅನ್ನೋದು. ತಪ್ಪೇ ಮಾಡದೇ ಇರೋ ಕಂಪನಿ ಭೂಮಿ ಮೇಲಿಲ್ಲ. ಟೊಯೋಟಾದವರ ದುಬಾರಿ ಕಾರುಗಳ ಬ್ರ್ಯಾಂಡ್ ಲೆಕ್ಸಸ್ ಅಮೆರಿಕದಲ್ಲಿ ಶುರುವಾಗಿದ್ದು 1989ರಲ್ಲಿ, ಅದೇ ವರ್ಷ ಡಿಸೆಂಬರಲ್ಲಿ ಸುಮಾರು 8,000 ಎಲ್‌ಎಸ್ 400 ಕಾರುಗಳನ್ನ ವಾಪಸ್ ಕರೀಬೇಕಾಯ್ತು, ಬ್ರೇಕ್ ಲೈಟ್ ಮತ್ತೆ ಕ್ರೂಸ್ ಕಂಟ್ರೋಲ್ ಸಮಸ್ಯೆ. ಹೊಸ ಬ್ರ್ಯಾಂಡ್‌ಗೆ ಅಲ್ಲೇ ತಿಥಿ ಆಗ್ಬೇಕಿತ್ತು. ಆದ್ರೆ ಅವರು ಮಾಲೀಕರ ಮನೆಗೇ ಬಂದು ಕಾರ್ ತಗೊಂಡು ಹೋಗಿ, ರಿಪೇರಿ ಮಾಡಿ, ತೊಳೆದು, ಪೆಟ್ರೋಲ್ ತುಂಬಿಸಿ ಕೊಟ್ರು, 20 ದಿನದೊಳಗೆ ಎಲ್ಲಾ ಮುಗಿಸಿದ್ರು. ಆ ರೀಕಾಲೇ ಅವರ ಹೆಸರನ್ನ ಗಟ್ಟಿ ಮಾಡ್ತು. ಹ್ಯುಂಡೈ ಕಥೆ ಇನ್ನೊಂಥರ. 1986ರಲ್ಲಿ ಅಮೆರಿಕಕ್ಕೆ ಬಂದು ಮೊದಲ ವರ್ಷಾನೇ 1,68,000ಕ್ಕೂ ಹೆಚ್ಚು ಎಕ್ಸೆಲ್ ಕಾರು ಮಾರಿದ್ರು, ಆಮೇಲೆ ಕ್ವಾಲಿಟಿ ಸರಿ ಇಲ್ಲ ಅಂತ ಹೆಸರು ಕೆಡ್ತು, ಜನ ನಗೋಕೆ ಶುರು ಮಾಡಿದ್ರು. 1998ರಲ್ಲಿ ಇಂಜಿನ್ ಗೇರ್‌ಬಾಕ್ಸ್‌ಗೆ 10 ವರ್ಷ ಅಥವಾ 1,00,000 ಮೈಲಿ ವಾರಂಟಿ ಅಂತ ಘೋಷಿಸಿದ್ರು. ಜಾಹೀರಾತಲ್ಲಿ ಎಷ್ಟು ಮಾತಾಡಿದ್ರೂ ನಂಬದ ಜನ ಕಾಗದದ ಮೇಲೆ ಬರೆದುಕೊಟ್ಟ ಮೇಲೆ ನಂಬಿದ್ರು. ಅಂದ್ಹಾಗೆ ಆ 10 ವರ್ಷ ಮೊದಲ ಮಾಲೀಕರಿಗೆ ಮಾತ್ರ, ಎರಡನೇ ಕೈಗೆ ಹೋದ್ರೆ ಕಮ್ಮಿ ಆಗ್ತಿತ್ತು. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಯಾವ ಕಂಪನಿಯ ವಾರಂಟಿ ಆದ್ರೂ ಈ ಸಾಲನ್ನ ಹುಡುಕಿ ಓದಿ.

ಹಾಗಾದ್ರೆ ಜನ ದೊಡ್ಡ ಮೋಸಕ್ಕೆ ಕಂಪನಿ ಬಿಡ್ತಾರಾ? ಇಲ್ಲಾರೀ, ಅದೇ ಮಜಾ. 2015ರಲ್ಲಿ ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣ ಹೊರಗೆ ಬಂತು, ಹೊಗೆ ಪರೀಕ್ಷೆಲಿ ಮೋಸ ಮಾಡೋ ಸಾಫ್ಟ್‌ವೇರ್ ಪ್ರಪಂಚದಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿತ್ತು. ಮಾರನೇ ವರ್ಷ, 2016ರಲ್ಲಿ, ಪ್ರಪಂಚದಲ್ಲೇ ಅತಿ ಹೆಚ್ಚು ವಾಹನ ಮಾರಿದ್ದು ಅದೇ ಗ್ರೂಪು. ನಂಗೆ ಅನ್ಸೋದು, ಕಾರ್ ಓಡಿಸೋರಿಗೆ ಆ ಮೋಸ ಸೀಟಲ್ಲಿ ಕೂತಾಗ ಗೊತ್ತೇ ಆಗ್ತಿರ್ಲಿಲ್ಲ, ಪಿಕಪ್ ಇತ್ತು, ಮೈಲೇಜ್ ಇತ್ತು. ಕಟಕಟ ಶಬ್ದ ಹಾಗಲ್ಲ, ದಿನಾ ಬೆಳಿಗ್ಗೆ ಕಿವಿಗೆ ಬೀಳುತ್ತೆ. ಹಗರಣ ಮರೆತು ಹೋಗುತ್ತೆ, ಕಟಕಟ ಮರೆಯೋದಿಲ್ಲ. ಇದು ಸರಿನಾ ಅಂದ್ರೆ ಸರಿ ಅಲ್ಲ, ಆದ್ರೆ ನೀವೂ ಇದೇ ಥರ ಯೋಚನೆ ಮಾಡ್ತಿದೀರಾ ಅಂತ ಹಾಳೆ ನೋಡಿ ಚೆಕ್ ಮಾಡ್ಕೊಳ್ಳಿ.

ಆಮೇಲೆ, ಬಾನೆಟ್ ಮೇಲಿನ ಲೋಗೋ ಒಂದೇ ಇದ್ರೂ ಒಳಗಿರೋದು ಅದೇ ಅಂತ ಅಂದ್ಕೋಬೇಡಿ. 2019ರಲ್ಲಿ ಬಂದ ಟೊಯೋಟಾ ಸುಪ್ರಾ ಒಳಗೆ ಬಿಎಂಡಬ್ಲ್ಯು ಇಂಜಿನ್, ತಯಾರಾಗಿದ್ದು ಆಸ್ಟ್ರಿಯಾದ ಗ್ರಾಜ್‌ನಲ್ಲಿ. ವೋಲ್ವೋ ಕಾರ್ ಕಂಪನಿ 2010ರಿಂದ ಚೀನಾದ ಗೀಲಿ ಕೈಲಿದೆ. ಜಡ್‌ಎಫ್ ಅನ್ನೋ ಜರ್ಮನಿಯ ಪಾರ್ಟ್ಸ್ ಕಂಪನಿಯ 8 ಸ್ಪೀಡ್ ಗೇರ್‌ಬಾಕ್ಸ್ ಬಿಎಂಡಬ್ಲ್ಯುನಲ್ಲೂ ಸಿಗುತ್ತೆ, ಲ್ಯಾಂಡ್ ರೋವರ್‌ನಲ್ಲೂ ಸಿಗುತ್ತೆ. ಬೇರೆಬೇರೆ ಕಾರ್ ಕಂಪನಿಗಳಿಗೆ ಏರ್‌ಬ್ಯಾಗ್ ಮಾಡಿಕೊಡ್ತಿದ್ದ ಟಕಾಟಾದ ಏರ್‌ಬ್ಯಾಗ್‌ಗಳಲ್ಲಿ ಸಮಸ್ಯೆ ಬಂದಾಗ ಹೋಂಡಾ, ಟೊಯೋಟಾ, ನಿಸಾನ್, ಬಿಎಂಡಬ್ಲ್ಯು, ಫೋರ್ಡ್ ಎಲ್ಲರ ಕಾರೂ ಅದರಲ್ಲಿತ್ತು, ಒಂದನ್ನ ಬಿಟ್ಟು ಇನ್ನೊಂದಕ್ಕೆ ಓಡಿದ್ರೂ ತಪ್ಪಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ. ಹಾಗಾಗಿ ತಗೊಳ್ಳೋ ಮಾಡೆಲ್‌ನಲ್ಲಿರೋ ಇಂಜಿನ್ ಯಾವುದು, ಗೇರ್‌ಬಾಕ್ಸ್ ಯಾವುದು, ಎಷ್ಟು ವರ್ಷದಿಂದ ಚಾಲ್ತಿಲಿದೆ ಅಂತ ಹುಡುಕಿ. ಹಳೇ ಕಾರಿನ ಗಟ್ಟಿತನ ಹೊಸ ಟರ್ಬೋ ಇಂಜಿನ್‌ಗೆ ತಾನಾಗೇ ಬರೋದಿಲ್ಲ. ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕ್ಕೊಳ್ಳೋಕಾಗುತ್ತಾ?

ರೇಟಿಂಗ್ ನೋಡೋದಾದ್ರೆ ಏನನ್ನ ಅಳೆದಿದಾರೆ ಅಂತ ಮೊದಲು ನೋಡಿ. ಕಾರ್ ಮಾಲೀಕರನ್ನ ಕೇಳಿ ರೇಟಿಂಗ್ ಕೊಡೋ ಅಮೆರಿಕದ ಜೆಡಿ ಪವರ್‌ನವರ ಒಂದು ಸರ್ವೆ ಮೊದಲ 90 ದಿನದ ದೂರುಗಳದ್ದು, ಇನ್ನೊಂದು ಮೂರು ವರ್ಷ ಹಳೇ ಕಾರುಗಳದ್ದು. ಎರಡರಲ್ಲೂ ಫೋನ್ ಕನೆಕ್ಟ್ ಆಗಲಿಲ್ಲ ಅನ್ನೋದೂ ಒಂದು ಸಮಸ್ಯೆ, ಗೇರ್‌ಬಾಕ್ಸ್ ಕೈಕೊಟ್ರೂ ಒಂದು ಸಮಸ್ಯೆ. ಎಂಟು ಹತ್ತು ವರ್ಷ ಇಟ್ಕೊಳ್ಳೋರಿಗೆ 90 ದಿನದ ನಂಬರ್ ತಗೊಂಡು ಏನ್ ಮಾಡೋದು. ಮಾಲೀಕರನ್ನ ಕೇಳಿದ್ರೂ ಅಷ್ಟೇ, ಹೆತ್ತೋರಿಗೆ ಹೆಗ್ಗಣ ಮುದ್ದು. "ಹೇಗಿದೆ" ಅಂತ ಕೇಳೋ ಬದ್ಲು "ಕೊನೇ ಸಲ ಯಾವಾಗ ಸರ್ವೀಸ್‌ಗೆ ಬಿಟ್ರಿ, ಎಷ್ಟು ದಿನ ಇಟ್ಕೊಂಡ್ರು, ಯಾವ ಪಾರ್ಟ್‌ಗೆ ಕಾಯ್ಬೇಕಾಯ್ತು" ಅಂತ ಕೇಳಿ, ಆಗ ನಿಜ ಹೊರಗೆ ಬರುತ್ತೆ.

ಅದೇ ಕಂಪನಿದು ಮತ್ತೆ ತಗೊಂಡ್ರೆ ಲಾಯಲ್ಟಿ ಬೋನಸ್ ಅಂತ ಷೋರೂಂನವರು ಕರೆದ್ರೆ ಖುಷಿಯಾಗೋಕೆ ಮುಂಚೆ ಹಳೇ ಕಾರಿಗೆ ಎಷ್ಟು ಕಟ್ಟಿದಾರೆ ನೋಡಿ. ಬಲಗೈಲಿ ಬೋನಸ್ ಕೊಟ್ಟು ಎಡಗೈಲಿ ಎಕ್ಸ್‌ಚೇಂಜ್ ಬೆಲೆ ಇಳಿಸೋದು ಹಳೇ ಆಟ. ಹೊರಗಡೆ ಎರಡು ಕಡೆ ರೇಟ್ ಕೇಳಿ, ಕೈಯಿಂದ ಹೋಗೋ ಒಟ್ಟು ಮೊತ್ತಾನೇ ಹೋಲಿಸಿ. ಹಳೇ ಸಾಲ ಇನ್ನೂ ಬಾಕಿ ಇದ್ದು, ಅದು ಕಾರಿನ ಬೆಲೆಗಿಂತ ಜಾಸ್ತಿ ಇದ್ದು, ಅದನ್ನ ಹೊಸ ಸಾಲಕ್ಕೆ ಸೇರಿಸ್ತೀವಿ ಅಂತ ಅದೇ ಷೋರೂಂನವರು ಅಂದ್ರೆ ಅದು ನಿಷ್ಠೆ ಅಲ್ಲ, ಸಿಕ್ಕಿಹಾಕ್ಕೊಳ್ಳೋದು.

ಅದೂ ಅಲ್ದೆ ನೀವು ಬಿಡದೇ ಇದ್ರೂ ಕಂಪನಿನೇ ನಿಮ್ಮನ್ನ ಬಿಡಬಹುದು. ಜನರಲ್ ಮೋಟಾರ್ಸ್‌ನ ಸ್ಯಾಟರ್ನ್ ಅಂತ ಬ್ರ್ಯಾಂಡ್ ಇತ್ತು, ಚೌಕಾಸಿ ಇಲ್ಲದ ಒಂದೇ ಬೆಲೆ, ಷೋರೂಂನಲ್ಲಿ ಮರ್ಯಾದೆ. 1994ರಲ್ಲಿ ಟೆನೆಸ್ಸಿಯ ಸ್ಪ್ರಿಂಗ್ ಹಿಲ್ ಫ್ಯಾಕ್ಟರಿಗೆ ಬನ್ನಿ ಅಂತ ಮಾಲೀಕರನ್ನ ಕರೆದ್ರೆ ಹತ್ತಾರು ಸಾವಿರ ಜನ ಹೋದ್ರು, ಜಾತ್ರೆ ಥರ. 2010ರಲ್ಲಿ ಆ ಬ್ರ್ಯಾಂಡೇ ಮುಚ್ಚಿಹೋಯ್ತು. ಹಾಗಾಗಿ ಕಂಪನಿ ಇನ್ನೂ ಹೊಸ ಮಾಡೆಲ್ ತರ್ತಿದೆಯಾ, ಡೀಲರ್‌ಗಳು ಹೆಚ್ಚಾಗ್ತಿದಾರಾ ಕಮ್ಮಿ ಆಗ್ತಿದಾರಾ ಅನ್ನೋದನ್ನೂ ಹಾಳೇಲಿ ಒಂದು ಸಾಲು ಬರ್ಕೊಳ್ಳಿ.

ಕೊನೇದಾಗಿ ಟೆಸ್ಟ್ ಡ್ರೈವ್. ಹಳೇ ಕಂಪನಿದು ಒಂದು, ಬೇರೆ ಕಂಪನಿದು ಎರಡು, ಒಂದೇ ದಿನ ಓಡಿಸಿ, ಒಂದೇ ರಸ್ತೇಲಿ. ಸೇಲ್ಸ್‌ನವರು ನುಣ್ಣಗಿರೋ ರೋಡಿಗೇ ಕರ್ಕೊಂಡು ಹೋಗ್ತಾರೆ, ಬೇಡ ಅನ್ನಿ, ಹಳ್ಳದಿಣ್ಣೆ ಇರೋ ಕಡೆ ತಿರುಗಿಸಿ. ಮ್ಯೂಸಿಕ್ ಆಫ್, ಎಸಿ ಆಫ್, ಕಿಟಕಿ ಮುಚ್ಚಿ, ಸೇಲ್ಸ್‌ನವರಿಗೂ ಎರಡು ನಿಮಿಷ ಸುಮ್ನಿರಿ ಅಂತ ಹೇಳಿ, ಕಿವಿ ಕೊಟ್ಟು ಕೇಳಿ. ಹಿಂದಿನ ಸೀಟಲ್ಲೂ ಹತ್ತು ನಿಮಿಷ ಕೂತ್ಕೊಳ್ಳಿ. ಮೊದಲ ತಿರುವಲ್ಲಿ ಇಂಡಿಕೇಟರ್ ಬದ್ಲು ವೈಪರ್ ಆಡಿದ್ರೆ ಮಾತ್ರ ಅದನ್ನ ಲೆಕ್ಕಕ್ಕೆ ಇಟ್ಕೋಬೇಡಿ.